ಹವಾಲ್ದಾರರು ತಿಂದ ಸಕ್ಕರೆ

ನನ್ನ ಗಂಡ ಕರೀಮಸಾಬರು ಎಲ್ಲ ತಾಯಂದಿರನ್ನೂ ಕೇಳಿದರು, ನನ್ನೊಬ್ಬಳನ್ನು ಬಿಟ್ಟು. ಮರುದಿನ ಬೆಳಿಗ್ಗೆ ಗದಗಿನ ಮೈದಾನದಲ್ಲಿ ಮಿಲಿಟರಿ ಭರ್ತಿ ಇತ್ತು. ಇವರು ತಯಾರು ಮಾಡಿದ ಆರು ಹುಡುಗರು ಹೊರಟಿದ್ದರು. ಅವರಲ್ಲಿ ಐವರ ಮನೆಯ ಸಕ್ಕರೆ ಆಗಲೇ ಇವರ ಹೊಟ್ಟೆ ಸೇರಿತ್ತು. ಆರನೆಯವನು ನಮ್ಮ ಮಗ ನವಾಜ. ಅವನ ತಾಯಿ ಮೆಹಬೂಬಿ ಎಂಬವಳು ಇದೇ ಮನೆಯ ಅಡುಗೆಮನೆಯಲ್ಲಿ, ಸಕ್ಕರೆ ಡಬ್ಬಿಯ ಪಕ್ಕದಲ್ಲೇ ಇದ್ದಳು. ಎಲ್ಲಿಗೂ ಓಡಿ ಹೋಗಿರಲಿಲ್ಲ.

ಸಕ್ಕರೆಯ ಪದ್ಧತಿ ಇವರೇ ಹಾಕಿದ್ದು. ಹವಾಲ್ದಾರರಾಗಿ ನಿವೃತ್ತಿಯಾಗಿ ಲಕ್ಷ್ಮೇಶ್ವರಕ್ಕೆ ಬಂದಾಗಿನಿಂದ ಅಡರಕಟ್ಟಿ ದಾರಿಯ ಬಯಲಿನಲ್ಲಿ ಇವರು ಹುಡುಗರನ್ನು ಓಡಿಸುತ್ತಾರೆ. ಶಿರಹಟ್ಟಿ, ಮುಂಡರಗಿ ಕಡೆಯಿಂದಲೂ ಹುಡುಗರು ಬರುತ್ತಾರೆ. ಮೊದಲ ವರ್ಷ ಅಡರಕಟ್ಟಿಯ ಒಬ್ಬ ಹುಡುಗ ಮನೆಯಲ್ಲಿ ಹೇಳದೆ ಭರ್ತಿಗೆ ಹೊರಟಿದ್ದ. ಅವನ ತಾಯಿ ಬಂದು ಬಸ್ಸಿನ ಮುಂದೆ ಮಲಗಿಬಿಟ್ಟಳು. ಅವಳನ್ನು ಎಬ್ಬಿಸಲಾಗದೆ ಇವರು ರಸ್ತೆಯ ಮೇಲೆಯೇ ಕುಳಿತು ಮಾತು ಕೊಟ್ಟರು, ಇನ್ನು ಮುಂದೆ ತಾಯಿ ಹೂಂ ಅನ್ನದ ಹೊರತು ನನ್ನ ಗ್ರೌಂಡಿನಿಂದ ಒಬ್ಬನೂ ಹೋಗುವುದಿಲ್ಲ ಎಂದು. ಅಂದಿನಿಂದ ಭರ್ತಿಗೆ ಮುಂಚೆ ಇಸ್ತ್ರಿ ಅಂಗಿ ಹಾಕಿಕೊಂಡು ಮನೆಮನೆಗೆ ಹೋಗುತ್ತಾರೆ. ಕುರ್ಚಿ ಕೊಟ್ಟರೂ ಬೇಡವೆಂದು ಚಾಪೆಯ ಮೇಲೆ ಕುಳಿತು, "ನಿಮ್ಮ ಮಗನ್ನ ಕೇಳಾಕ ಬಂದೀನ್ರಿ" ಅನ್ನುತ್ತಾರೆ. ತಾಯಿ ಒಪ್ಪಿದರೆ ಇವರ ಅಂಗೈಗೆ ಒಂದು ಚಿಟಿಕೆ ಸಕ್ಕರೆ ಹಾಕಬೇಕು. ಇವರು ಅದನ್ನು ತಿಂದರೆ ಮಾತು ಮುಗಿಯಿತು. ತಂದೆ, ಅಜ್ಜ, ಓಣಿಯ ಹಿರಿಯರು ಯಾರು ಒಪ್ಪಿದರೂ ಅದು ಲೆಕ್ಕಕ್ಕಿಲ್ಲ.

ಚಾಪೆಯ ಮೇಲೆ ಕುಳಿತು ಇವರು ಹೇಳುವುದೆಲ್ಲ ನನಗೆ ಬಾಯಿಪಾಠ. ತಿಂಗಳಿಗೆ ಸರಿಯಾಗಿ ಪಗಾರ, ಹೊಟ್ಟೆ ತುಂಬ ಊಟ, ಮೈಮೇಲೆ ಒಳ್ಳೆಯ ಬಟ್ಟೆ. ಜಡ್ಡಾದರೆ ದೊಡ್ಡ ಆಸ್ಪತ್ರೆ. ಕ್ಯಾಂಟೀನಿನಲ್ಲಿ ಅರ್ಧ ದರಕ್ಕೆ ಕುಕ್ಕರು. ಎಲ್ಲಕ್ಕಿಂತ ಹೆಚ್ಚಾಗಿ ಮರ್ಯಾದೆ, ನಾಲ್ಕು ಜನ ಎದ್ದು ನಿಂತು ನಮಸ್ಕಾರ ಮಾಡುತ್ತಾರೆ. ಇದರಲ್ಲಿ ಒಂದೂ ಸುಳ್ಳಿಲ್ಲ. ನಾನು ಕುಳಿತ ಈ ಮನೆ ಮಿಲಿಟರಿಯ ಅನ್ನದಿಂದ ಎದ್ದದ್ದು. ನನ್ನ ಮಗಳು ತಬಸ್ಸುಮಳಿಗೆ ನರ್ಸಿಂಗ್ ಸೀಟು ಸಿಕ್ಕಿದ್ದು ಸೈನಿಕನ ಮಗಳು ಅನ್ನುವ ಕಾರಣಕ್ಕೆ. ಈಗಿನ ಹುಡುಗರದು ನಾಲ್ಕು ವರ್ಷದ ನೌಕರಿ, ನಾಲ್ವರಲ್ಲಿ ಒಬ್ಬನನ್ನು ಮಾತ್ರ ಉಳಿಸಿಕೊಳ್ಳುತ್ತಾರೆ. ಅದನ್ನೂ ಇವರು ಮುಚ್ಚಿಡುವುದಿಲ್ಲ.

ಆದರೆ ಅದು ಅರ್ಧ. ಉಳಿದ ಅರ್ಧದಲ್ಲಿ ಸ್ವಲ್ಪ ನನಗೆ ಗೊತ್ತಿದೆ, ಯಾಕೆಂದರೆ ಅದನ್ನು ನಾನೇ ಉಂಡಿದ್ದೇನೆ. ವರ್ಷಕ್ಕೆ ಎರಡು ತಿಂಗಳ ಗಂಡ. ಎರಡು ಹೆರಿಗೆಗೂ ಇವರಿಲ್ಲ. ನಮ್ಮ ಅತ್ತೆ ಫಕೀರಬಿ ತೀರಿಕೊಂಡಾಗ ಮಣ್ಣಿಗೂ ಬರಲಾಗಲಿಲ್ಲ, ಬಂದದ್ದು ನಲವತ್ತನೆಯ ದಿನದ ಫಾತಿಹಾ ಮುಗಿದ ಮೇಲೆ. ಇನ್ನು ಸ್ವಲ್ಪ ಇವರೊಬ್ಬರಿಗೇ ಗೊತ್ತು. ಒಂದು ಸಲ ಹಿಮದ ಗುಡ್ಡದಿಂದ ಮರಳಿದಾಗ ಬಲಗಿವಿ ಪೂರ್ತಿ ಹೋಗಿತ್ತು, ಎಡಗಿವಿ ಅರ್ಧ. ತೋಪಿನ ಸದ್ದಿಗೆ ಹಾಗಾಯಿತು ಅಂದರು. ಅಷ್ಟೇ. ಅದಕ್ಕಿಂತ ಹೆಚ್ಚಿಗೆ ಕೇಳಿದರೆ ಎದ್ದು ಹೊರಗೆ ಹೋಗುತ್ತಿದ್ದರು.

ಒಂದು ಸಂಗತಿ ಮಾತ್ರ ನನಗೆ ಅಲ್ಲಿಯವರೆಗೂ ನುಂಗಲಾಗಿರಲಿಲ್ಲ. ಇವರು ಆ ಗುಡ್ಡದಿಂದ ಮರಳಿ ಬಂದ ರಜೆಯಲ್ಲಿ, ನವಾಜ ಇನ್ನೂ ಸಣ್ಣವನಿದ್ದಾಗ, ಪಕ್ಕದ ಗೋಣೆಪ್ಪನವರ ಅಂಗಳದಲ್ಲಿದ್ದ ಹಳೆಯ ಹಗೇವಿನಲ್ಲಿ ಬಿದ್ದ. ಜೋಳ ತುಂಬಿಡುವ ನೆಲದೊಳಗಿನ ಆ ಕುಣಿ ಬರಿದಾಗಿ ಬಹಳ ವರ್ಷವಾಗಿತ್ತು. ಅಲ್ಲಿಂದ ಅವನು ಅಪ್ಪನನ್ನು ಕೂಗುತ್ತಿದ್ದ. ಅಪ್ಪ ಅಂಚಿಗೆ ಬಂದು ನಿಂತವರು ನಿಂತೇಬಿಟ್ಟರು. ಕೈ ಆಡಲಿಲ್ಲ, ಕಾಲು ಆಡಲಿಲ್ಲ. ಕೊನೆಗೆ ಗೋಣೆಪ್ಪ ಹಗ್ಗ ಬಿಟ್ಟು ಇಳಿದು ಹುಡುಗನನ್ನು ಮೇಲೆ ತಂದ. ಗಡಿ ಕಾಯ್ದವರು ಹಗೇವಿಗೆ ಹೆದರಿದರು ಎಂದು ಜಗಳವಾದಾಗಲೆಲ್ಲ ನಾನು ಇವರನ್ನು ಚುಚ್ಚುತ್ತಿದ್ದೆ. ಇವರು ಒಂದು ದಿನವೂ ತಿರುಗಿ ಮಾತಾಡಲಿಲ್ಲ.

ಈಗ ಅದೇ ನವಾಜನಿಗೆ ಇಪ್ಪತ್ತು ದಾಟಿತ್ತು. ನನ್ನ ಅಣ್ಣನ ಮಗ ವಸೀಮನ ಮೊಬೈಲ್ ಅಂಗಡಿಯಲ್ಲಿ ಕೂರುತ್ತಿದ್ದ, ಬೆಳಿಗ್ಗೆ ಓಡುತ್ತಿದ್ದ. ಮುಂದಿನ ಭರ್ತಿಯ ಹೊತ್ತಿಗೆ ಅವನ ವಯಸ್ಸು ಮೀರುತ್ತದೆ. ಹೋಗುವುದಾದರೆ ಇದೇ ಸಲ. ನಾನು ಕೊಡುವುದಿಲ್ಲ ಎಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಿದ್ದೆ. ಇವರು ಇಸ್ತ್ರಿ ಅಂಗಿ ಹಾಕಿಕೊಂಡು ನನ್ನ ಮುಂದೆ ಚಾಪೆಯ ಮೇಲೆ ಕುಳಿತು ಕೇಳಲಿ, ಆಗ ಡಬ್ಬಿಯ ಮುಚ್ಚಳ ಬಿಗಿ ಮಾಡಿ ಅಲ್ಲೇ ಇಡುತ್ತೇನೆ ಅಂದುಕೊಂಡಿದ್ದೆ. ಇವರು ಕೇಳಲೇ ಇಲ್ಲ. ಭರ್ತಿ ಒಂದು ದಿನಕ್ಕೆ ಬಂದರೂ ಕೇಳಲಿಲ್ಲ. ಹೆಂಡತಿಯನ್ನು ಏನು ಕೇಳುವುದು ಅನ್ನುವ ಸೊಕ್ಕು ಎಂದೇ ನಾನು ತಿಳಿದಿದ್ದೆ, ನನ್ನ ಮೈಯೆಲ್ಲ ಉರಿಯುತ್ತಿತ್ತು.

ಆ ದಿನ ಬೆಳಿಗ್ಗೆ ಟಿವಿಯಲ್ಲಿ ಸುದ್ದಿ ಬಂತು. ಗಡಿಯ ಗುಡ್ಡದಲ್ಲಿ ಸೈನಿಕರ ಡೇರೆಯ ಮೇಲೆ ಹಿಮ ಕುಸಿದಿದೆ, ಇಬ್ಬರು ಸತ್ತಿದ್ದಾರೆ, ಹೆಸರು ಇನ್ನೂ ತಿಳಿದಿಲ್ಲ. ಇವರು ಚಹಾದ ಬಟ್ಟಲು ಹಿಡಿದವರು ಹಿಡಿದೇ ಕುಳಿತರು. ಆಮೇಲೆ ಎದ್ದು ಟಿವಿ ಬಂದ್ ಮಾಡಿದರು. ತುಳಸಾಬಾಯಿಯವರ ಸಂಜೀವ ಆ ಕಡೆಗೇ ಇದ್ದ.

ತುಳಸಾಬಾಯಿಯವರು ಗುಡಿಯ ಅರ್ಚಕರಾಗಿದ್ದ ಶ್ರೀಪಾದ ಆಚಾರ್ಯರ ಹೆಂಡತಿ. ಗಂಡ ಹೋದ ಮೇಲೆ ಗುಡಿಯ ನೈವೇದ್ಯದ ಅಡುಗೆ ಮಾಡಿಕೊಂಡು ಒಬ್ಬನೇ ಮಗನನ್ನು ಬೆಳೆಸಿದವರು. ಆಚಾರ್ಯರ ಮನೆಯ ಹುಡುಗ ನಮ್ಮ ಹವಾಲ್ದಾರರ ಹಿಂದೆ ಬರಿಗಾಲಲ್ಲಿ ಓಡುವುದನ್ನು ನೋಡಿ ಊರು ನಕ್ಕಿತ್ತು. ಅವನ ಸಲುವಾಗಿ ಇವರು ಆ ಮನೆಯ ಪಡಸಾಲೆಯಲ್ಲಿ ಚಾಪೆಯ ಮೇಲೆ ಕುಳಿತಾಗ, ಅಲ್ಲಿ ನನ್ನ ಮಗ ಮಾಂಸ ತಿನ್ನಬೇಕಾಗುತ್ತದೆಯೇ ಎಂದು ಬಾಯಿಯವರು ಕೇಳಿದ್ದು ಅದೊಂದನ್ನೇ. ಇಲ್ಲ, ಬೇರೆ ಅಡುಗೆ ಇರುತ್ತದೆ ಎಂದು ಇವರು ಹೇಳಿದರು. ಸಕ್ಕರೆ ಬಿತ್ತು. ಅದು ನಾಲ್ಕು ವರ್ಷದ ನೌಕರಿಯ ಕಾಲವಲ್ಲ, ಹಳೆಯ ಪದ್ಧತಿ. ಎರಡು ವರ್ಷದ ಹಿಂದೆ ಬಾಯಿಯವರ ಹೃದಯದ ಆಪರೇಶನ್ ಆದದ್ದು ಮಿಲಿಟರಿ ಆಸ್ಪತ್ರೆಯಲ್ಲಿ, ಸೈನಿಕನ ತಾಯಿ ಎಂದು.

ಮಧ್ಯಾಹ್ನ ನೈವೇದ್ಯ ಮುಗಿಸಿ ಬಾಯಿಯವರು ನಮ್ಮ ಮನೆಗೆ ಬಂದರು. ಗುಡಿಯಲ್ಲಿ ಯಾರೋ ಸುದ್ದಿ ಹೇಳಿದ್ದರು. ಅಳಲಿಲ್ಲ. ಹೊಸ್ತಿಲ ಒಳಗೆ ಗೋಡೆಗೆ ಒರಗಿ ಕುಳಿತು, ನಿಮಗೆ ಗುರುತಿನವರು ಇರುತ್ತಾರಲ್ಲ, ಕೇಳಿ ನೋಡಿರಿ ಅಂದರು. ಇವರು ತಮ್ಮ ಹಳೆಯ ರೆಜಿಮೆಂಟಿನ ಜನಕ್ಕೆಲ್ಲ ಫೋನು ಹಚ್ಚಿದರು. ಕೆಲವರು ಎತ್ತಲಿಲ್ಲ, ಎತ್ತಿದವರಿಗೆ ಗೊತ್ತಿರಲಿಲ್ಲ. ಆ ಮಾತುಗಳೆಲ್ಲ ನಮಗೂ ಕೇಳುತ್ತಿದ್ದವು. ಇವರಿಗೆ ಫೋನಿನ ಸ್ಪೀಕರು ಹಾಕದೆ ಒಂದಕ್ಷರವೂ ಕೇಳುವುದಿಲ್ಲ. ನಮ್ಮ ಮನೆಯ ಗುಟ್ಟು ಏನಿದ್ದರೂ ಮೊದಲು ಓಣಿಗೆ ಗೊತ್ತಾಗಿ ಆಮೇಲೆ ನಮಗೆ ಗೊತ್ತಾಗುತ್ತದೆ.

"ಫೋನ್ ಬರಲಿಲ್ಲ ಅಂದ್ರ ಒಳ್ಳೇದು ಬಾಯಾರ" ಅಂದರು ಇವರು. "ಕೆಟ್ಟ ಖಬರ ಫೋನಿನ್ಯಾಗ ಬರಂಗಿಲ್ಲ. ಮನಿ ಬಾಗಲಿಗೆ ಬರತಾರ."

ಹೇಳಬಾರದಿತ್ತು. ಆ ಮಾತು ಕೇಳಿದಾಗಿನಿಂದ ಬಾಯಿಯವರ ಕಣ್ಣು ಬಾಗಿಲನ್ನು ಬಿಟ್ಟು ಕದಲಲಿಲ್ಲ. ನಾನು ಚಹಾ ಕೊಟ್ಟೆ, ಆರಿ ಹೋಯಿತು. ಸ್ವಲ್ಪ ಹೊತ್ತಿಗೆ ಓಣಿಯ ತುದಿಯಲ್ಲಿ ಜೀಪು ನಿಂತ ಸದ್ದಾಯಿತು. ಇವರಿಗೆ ಕೇಳಿಸಲಿಲ್ಲ, ನಮ್ಮಿಬ್ಬರಿಗೂ ಕೇಳಿಸಿತು. ಬೂಟಿನ ಸದ್ದು ಒಂದೊಂದೇ ಮನೆ ದಾಟಿ ಬಂತು. ಖಾಕಿ ಬಟ್ಟೆಯ ಪೊಲೀಸ ಬಾಗಿಲಲ್ಲಿ ನಿಂತು ಹವಾಲ್ದಾರರ ಮನೆ ಇದೇ ಏನು ಎಂದು ಕೇಳಿದ. ಬಾಯಿಯವರು ಗೋಡೆ ಹಿಡಿದು ಎದ್ದರು. ನಾನು ಅವರ ರಟ್ಟೆ ಹಿಡಿದುಕೊಂಡೆ. ನಾಳೆ ಭರ್ತಿಗೆ ಹುಡುಗರನ್ನು ಕರೆತರುವ ಗಾಡಿಯನ್ನು ಮೈದಾನದ ಎದುರಿಗೆ ನಿಲ್ಲಿಸಬೇಡಿರಿ, ಹಿಂದಿನ ಗೇಟಿಗೆ ತನ್ನಿರಿ ಎಂದು ಹೇಳಿ ಅವನು ಹೋದ. ಬಾಯಿಯವರು ಮತ್ತೆ ಕುಳಿತರು. ಅವರ ರಟ್ಟೆ ಹಸಿ ಬಟ್ಟೆಯ ಹಾಗೆ ತಣ್ಣಗಾಗಿತ್ತು. ನನಗೆ ಇವರ ಮೇಲೆ ಸಿಟ್ಟು ನೆತ್ತಿಗೇರಿತು. ನಾಳೆ ಹೀಗೆ ಗೋಡೆ ಹಿಡಿದು ಏಳುವವಳು ನಾನೇ ಅಲ್ಲವೇ?

"ಐದು ಮನಿಗೆ ಹೋಗಿ ಕೇಳಿ ಬಂದ್ರಿ" ಅಂದೆ. "ಈಗ ಬಾಯಾರ ಮುಂದನs ನನ್ನ ಕೇಳ್ರಿ. ಆದ್ರ ಪೂರಾ ಹೇಳಿ ಕೇಳ್ರಿ."

ಇವರು ನನ್ನ ಕಡೆಗೆ ನೋಡಿದರು, ಬಾಯಿಯವರ ಕಡೆಗೆ ನೋಡಿದರು, ತಲೆ ತಗ್ಗಿಸಿದರು. ಅಷ್ಟರಲ್ಲಿ ಫೋನು ಬಂತು.

ಉದ್ದನೆಯ, ಗುರುತಿಲ್ಲದ ನಂಬರು. ಗಾಳಿಯ ಸದ್ದು, ಅದರ ನಡುವೆ ಸಂಜೀವನ ದನಿ. "ಕಾಕಾ, ನಾನ್ರಿ" ಅಂದ. ಬಾಯಿಯವರು ಬಾಯಿಗೆ ಸೆರಗು ಒತ್ತಿಕೊಂಡು ಕಣ್ಣು ಮುಚ್ಚಿದರು. ಬದುಕಿದ್ದಾನೆ. ನಾನೂ ನೆಲಕ್ಕೆ ಕುಳಿತೆ. ಅವರು ಎದ್ದು ಫೋನಿನ ಹತ್ತಿರ ಬರುತ್ತಾರೆ ಅಂದುಕೊಂಡೆ. ಅಷ್ಟರಲ್ಲಿ ಅವನು ಕೇಳಿದ, "ನೀವೊಬ್ಬರs ಇದ್ದೀರೇನು ಕಾಕಾ? ಹತ್ರ ಯಾರೂ ಇಲ್ಲಲ್ಲಾ?"

ಇವರ ಕೈ ಸ್ಪೀಕರಿನ ಗುಂಡಿಯ ಮೇಲೆ ಹೋಯಿತು. ಬಂದ್ ಮಾಡಿದರೆ ಇವರಿಗೆ ಏನೂ ಕೇಳುವುದಿಲ್ಲ. ಹಾಗೇ ಬಿಟ್ಟರೆ ಎಲ್ಲರಿಗೂ ಕೇಳುತ್ತದೆ. ಏನು ಮಾಡಬೇಕೆಂದು ತಿಳಿಯದೆ ಬಾಯಿಯವರನ್ನು ನೋಡಿದರು. ಬಾಯಿಯವರು ಸೆರಗು ತೆಗೆಯಲಿಲ್ಲ. ಇನ್ನೊಂದು ಕೈ ಎತ್ತಿ ಅಡ್ಡಡ್ಡ ಆಡಿಸಿದರು, ನಾನಿಲ್ಲ ಅನ್ನಿರಿ ಎಂದು.

"ಯಾರೂ ಇಲ್ಲಪಾ. ಹೇಳು" ಅಂದರು ಇವರು.

ಅವನು ಹೇಳಿದ. ನಸುಕಿನಲ್ಲಿ ಹಿಮ ಕುಸಿದು ಕೆಳಗಿನ ಡೇರೆಯ ಮೇಲೆ ಬಿತ್ತಂತೆ. ಒಳಗೆ ಇಬ್ಬರಿದ್ದರು. ಉಳಿದವರೆಲ್ಲ ಸಲಿಕೆಯಿಂದ ಅಗೆದರು, ಸಲಿಕೆ ಮುರಿದ ಮೇಲೆ ಕೈಯಿಂದ ಅಗೆದರು. ಒಬ್ಬನ ದನಿ ಒಳಗಿನಿಂದ ಕೇಳುತ್ತಿತ್ತು. ಸಂಜೀವನ ಹೆಸರನ್ನೇ ಹಿಡಿದು ಕರೆಯುತ್ತಿದ್ದ, ಇಬ್ಬರೂ ಒಂದೇ ತಾಟಿನಲ್ಲಿ ಉಂಡವರು. ಮೇಲಿನ ಹಿಮ ಮತ್ತೆ ಬಿರಿಯತೊಡಗಿತು. ಹಿಂದೆ ಸರಿಯಿರಿ ಎಂದು ಸಾಹೇಬರ ಆರ್ಡರ್ ಆಯಿತು.

"ನಾ ಹೊಳ್ಳಿ ಬಂದೆ ಕಾಕಾ. ಅವ ಇನ್ನೂ ಕರೀಲಿಕ್ಕತ್ತಿದ್ದ. ನಾ ಹೊಳ್ಳಿ ಬಂದೆ."

ಹಿತ್ತಲ ಬಾಗಿಲಲ್ಲಿ ನವಾಜ ನಿಂತಿದ್ದ. ನಾಳೆಗೆಂದು ಬೂಟು ತೊಳೆಯುತ್ತಿದ್ದವನು ಒದ್ದೆ ಕೈಯಲ್ಲೇ ಬಂದಿದ್ದ. ಇವರು ಫೋನನ್ನು ಎರಡೂ ಕೈಯಲ್ಲಿ ಹಿಡಿದಿದ್ದರು.

ಎಡಗೈಯ ಎರಡು ಬೆರಳು ಹಿಮಕ್ಕೆ ಮರಗಟ್ಟಿವೆ, ಉಳಿಯುತ್ತವೋ ಇಲ್ಲವೋ ಡಾಕ್ಟರು ಹೇಳಿಲ್ಲ ಅಂದ ಸಂಜೀವ. ಅದನ್ನು ಅವ್ವನಿಗೆ ಹೇಳಬೇಡಿರಿ ಅಂದ. ಆಮೇಲೆ ಬಹಳ ಸಣ್ಣ ದನಿಯಲ್ಲಿ ಇನ್ನೊಂದು ಮಾತು ಕೇಳಿದ. ಅದು ಇವರಿಗೆ ಕೇಳಿಸಿತೋ ಇಲ್ಲವೋ ಎಂದು ನಾನು ನೋಡುತ್ತಿದ್ದೆ. ಕೇಳಿಸಿತ್ತು.

"ನಿಮಗೂ ಹಿಂಗ ಆಗಿತ್ತೇನು ಕಾಕಾ?"

"ಆಗಿತ್ತು."

"ಆ ದನಿ ಎಷ್ಟು ದಿನಕ್ಕ ಹೋಗತದ?"

ಹೋಗುತ್ತದೆ ಅನ್ನಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ, ಸಂಜೀವನ ಸಲುವಾಗಿ ಅಲ್ಲ, ನನ್ನ ಸಲುವಾಗಿ. "ಹೋಗಂಗಿಲ್ಲ ಮಗಾ" ಅಂದರು. "ರೂಢಿ ಆಗತೈತಿ. ನೀ ಊಟ ಬಿಡಬ್ಯಾಡ. ನಿದ್ದಿ ಬರದಿದ್ರ ನನಗ ಫೋನ್ ಮಾಡು, ಯಾವಾಗಿದ್ರೂ ಮಾಡು."

ಹಗೇವಿನ ಅಂಚಿನಲ್ಲಿ ನಿಂತ ಇವರು ನನ್ನ ಕಣ್ಣ ಮುಂದೆ ಬಂದರು. ಅವತ್ತು ನೆಲದೊಳಗಿನಿಂದ ಕರೆದದ್ದು ನನ್ನ ಮಗ ಒಬ್ಬನೇ ಅಲ್ಲ. ಬಲಗಿವಿ ಹೋಗಿದೆ ಎಂದು ನಾನು ತಿಳಿದಿದ್ದೆ, ಅದರೊಳಗೆ ಒಬ್ಬ ಮನುಷ್ಯ ಇಷ್ಟು ವರ್ಷ ಕೂಗುತ್ತಲೇ ಇದ್ದ. ನಾನು ಪಕ್ಕದಲ್ಲೇ ಮಲಗಿದ್ದೆ. ನನಗೆ ಹೇಳಲಿಲ್ಲ.

ಇವರು ಫೋನು ಇಟ್ಟರು. ಸ್ವಲ್ಪ ಹೊತ್ತಿಗೆ ಬಾಯಿಯವರ ಚೀಲದೊಳಗಿನ ಫೋನು ರಿಂಗಾಯಿತು. ಅವರು ಗಂಟಲು ಸರಿ ಮಾಡಿಕೊಂಡರು. ಒಂದು ಸಲ ಸಾಲದೆ ಎರಡನೆಯ ಸಲ ಸರಿ ಮಾಡಿಕೊಂಡರು.

"ಹಾಂ ಸಂಜೂ. ಇಲ್ಲಪಾ, ನಾ ಈಗ ಗುಡಿಯಿಂದ ಬರ್ಲಿಕ್ಕತ್ತೀನಿ. ಟಿವಿ ಯಾರು ನೋಡತಾರ?" ಅಂದರು. ಆರಾಮ ಇದ್ದಾನಂತೆ. ಊಟ ಆಯಿತಂತೆ. ಇವತ್ತು ಹೋಳಿಗೆ ಮಾಡಿದ್ದೆ, ನಿನ್ನ ನೆನಪಾಯಿತು ಎಂದು ಹೇಳಿದರು. ಥಂಡಿ ಬಹಳ ಇದೆಯೇ ಎಂದು ಕೇಳಿದರು. ಇಲ್ಲ ಅಂದನೆಂದು ತೋರುತ್ತದೆ. ಬಾಯಿಯವರ ಮುಖ ಒಂದು ಕ್ಷಣ ಮುರಿದುಹೋಗಿ ಮತ್ತೆ ಕೂಡಿಕೊಂಡಿತು.

"ಕೈಗೆ ಗ್ಲೌಸ್ ಹಾಕ್ಕೋ ಮತ್ತ" ಅಂದರು. "ಬೆರಳು ಜ್ವಾಪಾನ."

ಫೋನನ್ನು ಚೀಲದಲ್ಲಿ ಇಟ್ಟ ಮೇಲೆ ಅತ್ತರು. ನಾನು ಅವರ ಬೆನ್ನ ಮೇಲೆ ಕೈಯಿಟ್ಟು ಕುಳಿತೆ. ಭರ್ತಿಗೆ ಹೋಗುವಾಗ ಸಂಜೀವ, ನಿನ್ನ ಮುಂದೆ ಏನೂ ಮುಚ್ಚುವುದಿಲ್ಲ ಎಂದು ದೇವರ ಮುಂದೆ ಮಾತು ಕೊಟ್ಟು ಹೋಗಿದ್ದನಂತೆ. ಆಮೇಲೆ ಅವರು ಮುಖ ಒರೆಸಿಕೊಂಡು ಇವರ ಕಡೆಗೆ ತಿರುಗಿದರು.

"ನಮ್ಮ ಪಡಸಾಲಿಯೊಳಗ ಕೂತು ಇದನ್ನ ಯಾಕ ಹೇಳಲಿಲ್ಲ ಹವಾಲ್ದಾರರೇ?"

"ಹೇಳಿದ್ರ ನೀವು ಕೊಡ್ತಿದ್ದಿಲ್ರಿ."

"ಖರೆ. ಕೊಡ್ತಿದ್ದಿಲ್ಲ" ಅಂದರು ಬಾಯಿಯವರು. "ಕೊಡದಿದ್ರ ನನ್ನ ಎದಿ ಎಂದೋ ನಿಂತು ಹೋಗ್ತಿತ್ತು, ಅದೂ ಖರೆ. ಅವನ ಪುಣ್ಯಾದಿಂದನs ಉಸರಾಡ್ಲಿಕ್ಕತ್ತೀನಿ. ಆದ್ರ ಅರ್ಧಾ ಕೇಳಿ ಕೊಟ್ಟಾಕಿ ನಾನು. ಪೂರಾ ಕೇಳಿ ಕೊಟ್ಟಿದ್ರ, ಈಗ ಅವಗ ಸುಳ್ಳು ಹೇಳೂ ಕಷ್ಟ ಇರ್ತಿದ್ದಿಲ್ಲ. ಅವಗೂ, ನನಗೂ."

ಅವರನ್ನು ಮನೆಯ ತನಕ ಬಿಟ್ಟು ಬಾ ಎಂದು ನವಾಜನಿಗೆ ಹೇಳಿದೆ. ಅವರಿಬ್ಬರೂ ಹೋದ ಮೇಲೆ ನಾನು ಅಡುಗೆಮನೆಗೆ ಹೋಗಿ ಸಕ್ಕರೆ ಡಬ್ಬಿ ತಂದೆ. ಐದು ಚಿಟಿಕೆ ಸಕ್ಕರೆಯನ್ನು ಐದು ಕಾಗದದ ಚೂರಿನಲ್ಲಿ ಕಟ್ಟಿದೆ. ಇವರು ನನ್ನ ಕೈಯನ್ನೇ ನೋಡುತ್ತಿದ್ದರು, ಕೇಳುವ ಧೈರ್ಯವಿರಲಿಲ್ಲ. ಹೊಟ್ಟೆಗೆ ಹೋದ ಸಕ್ಕರೆ ಹೊರಗೆ ಬರುವುದಿಲ್ಲ, ಅದಕ್ಕೆ ಈ ಡಬ್ಬಿಯದು ಎಂದೆ. ಉಳಿದ ಅರ್ಧವನ್ನು ಐದೂ ಮನೆಯಲ್ಲಿ ಹೇಳಿ ಬರಬೇಕು, ಯಾರು ಬೇಡ ಅನ್ನುತ್ತಾರೋ ಅವರ ಸಕ್ಕರೆ ಅವರಿಗೆ ಹಿಂದಕ್ಕೆ ಕೊಟ್ಟು ಬರಬೇಕು ಎಂದೆ. ಭರ್ತಿಯ ಹಿಂದಿನ ದಿನ ಹೀಗೆ ಮಾಡಿದರೆ ಊರು ನಗುತ್ತದೆ, ಹುಡುಗರು ನನ್ನನ್ನು ಶಪಿಸುತ್ತಾರೆ ಎಂದರು. ಶಪಿಸಲಿ ಎಂದೆ.

ಇವರು ಎದ್ದು ಪೊಟ್ಟಣಗಳನ್ನು ಜೇಬಿನಲ್ಲಿ ಹಾಕಿಕೊಂಡರು. ಸ್ಕೂಟರ್ ಚಾಲೂ ಮಾಡುವ ಮೊದಲು ಸ್ವಲ್ಪ ಹೊತ್ತು ಅದರ ಮೇಲೆ ಸುಮ್ಮನೆ ಕುಳಿತರು. ಎಲ್ಲರ ಮುಂದೆ ಗತ್ತಿನಿಂದ ಸೀಟಿ ಊದುವ ಗಂಡಸು ಅಷ್ಟು ಹೆದರಿದ್ದನ್ನು ನಾನು ಹಗೇವಿನ ದಿನ ಬಿಟ್ಟರೆ ಆವತ್ತೇ ಕಂಡದ್ದು. ಈ ಸಲ ಚುಚ್ಚಲು ನನಗೆ ಬಾಯಿ ಬರಲಿಲ್ಲ.

ಮರಳಿ ಬಂದದ್ದು ಸಂಜೆಯ ಮಗರಿಬ್ ನಮಾಜಿನ ಹೊತ್ತಿಗೆ. ಜೇಬಿನಿಂದ ನಾಲ್ಕು ಪೊಟ್ಟಣ ತೆಗೆದು ನನ್ನ ಮುಂದಿಟ್ಟರು. ನಾಲ್ಕು ಮನೆಯವರು ಪೂರಾ ಕೇಳಿಯೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಒಬ್ಬಳು ತಾಯಿಯಂತೂ ಇಷ್ಟು ಹೇಳಲು ಇಷ್ಟು ಹೊತ್ತು ಬೇಕಾಯಿತೇ, ನಮಗೆ ಗೊತ್ತಿಲ್ಲವೇ ಎಂದು ಇವರನ್ನೇ ಬೈದಳಂತೆ. ಐದನೆಯ ಮನೆಯ ಸಾಬೀರಾ ಮಾತ್ರ ಒಲ್ಲೆ ಎಂದು ಪೊಟ್ಟಣ ಬಿಚ್ಚಿ ಸಕ್ಕರೆಯನ್ನು ತನ್ನ ಮಗ ಶಾಹಬಾಜನ ಬಾಯಿಗೇ ಹಾಕಿದಳಂತೆ. ಅವನು ಅದನ್ನು ಅಂಗಳಕ್ಕೆ ಉಗುಳಿ ಇವರಿಗೆ ಬೆನ್ನು ಮಾಡಿ ನಿಂತನಂತೆ. ಅವನೇ ಈ ಸಲ ಎಲ್ಲರಿಗಿಂತ ಜೋರಾಗಿ ಓಡುವ ಹುಡುಗ. ನನಗೂ ಕೆಡುಕೆನಿಸಿತು, ಸುಳ್ಳು ಯಾಕೆ ಹೇಳಲಿ.

ಆಮೇಲೆ ಇವರು ಕೈಕಾಲು ತೊಳೆದುಕೊಂಡು ಬೇರೆ ಇಸ್ತ್ರಿ ಅಂಗಿ ಹಾಕಿಕೊಂಡರು. ಚಾಪೆ ಹಾಸಿ ನನ್ನ ಮುಂದೆ ಕುಳಿತರು. ನಮ್ಮ ಮನೆಯಲ್ಲಿ ಜಗಳವೆಲ್ಲ ಉರ್ದುವಿನಲ್ಲಿ, ರಾಜಿಯೆಲ್ಲ ಕನ್ನಡದಲ್ಲಿ. ಇವರು ಕನ್ನಡದಲ್ಲಿ ಶುರು ಮಾಡಿದರು.

"ನಿನ್ನ ಮಗನ್ನ ಕೇಳಾಕ ಬಂದೀನಿ ಮೆಹಬೂಬಿ" ಅಂದರು. ಮುಂದಿನ ಬಾಯಿಪಾಠ ಬರಲಿಲ್ಲ. "ಕೇಳಾಕ ಆಗವಲ್ದು. ಇಷ್ಟ ದಿನಾ ಅದಕs ಕೇಳಲಿಲ್ಲ. ನಿನ್ನ ಮುಂದ ಅರ್ಧಾ ಹೇಳಾಕ ಬಾಯಿ ಬರಂಗಿಲ್ಲ. ಪೂರಾ ಹೇಳಿದ್ರ ನಾನs ಅವನ್ನ ಕೊಡಂಗಿಲ್ಲ."

ಸೊಕ್ಕು ಎಂದು ತಿಳಿದಿದ್ದೆನಲ್ಲ, ಅದು ಸೊಕ್ಕಾಗಿರಲಿಲ್ಲ. ಈಗ ನಾನು ಬೇಡ ಅಂದರೆ ಮುಗಿಯಿತು. ತಾಯಿ ಒಲ್ಲೆ ಅಂದಳು, ತಂದೆಯೂ ಕೇಳಲಿಲ್ಲ. ಮಗ ಮನೆಯಲ್ಲೇ ಉಳಿಯುತ್ತಾನೆ, ವಸೀಮನ ಅಂಗಡಿಯಲ್ಲಿ ಕೂರುತ್ತಾನೆ, ದಿನಾ ರಾತ್ರಿ ನನ್ನ ಕೈಯ ರೊಟ್ಟಿ ತಿನ್ನುತ್ತಾನೆ. ನನಗೆ ಬೇಕಾದದ್ದು ಅದೇ. ಡಬ್ಬಿಯ ಮೇಲೆ ಕೈಯಿಟ್ಟುಕೊಂಡು ಅದನ್ನೇ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ನವಾಜ ಬಂದು ಅಪ್ಪನ ಪಕ್ಕದಲ್ಲಿ ಚಾಪೆಯ ಮೇಲೆ ಕುಳಿತ.

"ಅಬ್ಬಾ ಕೇಳೂದು ಬ್ಯಾಡ" ಅಂದ. "ನಾನs ಕೇಳ್ತೀನಿ ಅಮ್ಮಿ."

ಇಷ್ಟು ವರ್ಷದಲ್ಲಿ ಯಾವ ಮನೆಯಲ್ಲೂ ಹುಡುಗ ತಾನೇ ಕುಳಿತು ಕೇಳಿದ್ದಿಲ್ಲ. ಸಂಜೀವ ಹೇಳಿದ್ದನ್ನೆಲ್ಲ ಕೇಳಿದೆಯಾ ಎಂದೆ. ಕೇಳಿದೆ ಎಂದ. ಹೆದರಿಕೆಯಾಗಲಿಲ್ಲವೇ ಎಂದೆ. ಇಲ್ಲ ಅನ್ನುತ್ತಾನೆ, ಅಂದರೆ ತಕ್ಷಣ ಡಬ್ಬಿ ಒಳಗೆ ಇಟ್ಟುಬಿಡುತ್ತೇನೆ ಅಂದುಕೊಂಡೆ.

"ಆಗೇತಿ" ಅಂದ. "ಕೈಯಾಗಿಂದ ಬೂಟು ಬಿದ್ದುವು. ಆದ್ರ ನಾಕು ಮಂದಿ ನಾಳೆ ಹೊಂಟಾರ. ಅವರ ಅವ್ವಂದಿರು ಎಲ್ಲಾ ಕೇಳಿ ಕೊಟ್ಟಾರ. ನೀ ಒಲ್ಲೆ ಅಂದ್ರ ನಾ ಉಳೀತೀನಿ ಅಮ್ಮಿ, ಸಿಟ್ಟಾಗಂಗಿಲ್ಲ. ಆದ್ರ ಹವಾಲ್ದಾರನ ಮಗಾ ಮನ್ಯಾಗ ಕುಂತ, ಮಂದಿ ಮಕ್ಕಳು ಹೋದ್ರು ಅಂದ್ರ, ಅಬ್ಬಾ ಮತ್ತ ಯಾರ ಚಾಪಿ ಮ್ಯಾಲೂ ಕುಂಡ್ರಾಕ ಆಗಂಗಿಲ್ಲ."

ಇವರು ಮುಖ ಆ ಕಡೆಗೆ ತಿರುಗಿಸಿದರು. ಸಾಬೀರಾಳ ಹಾಗೆ ಮಗನ ಬಾಯಿಗೆ ಹಾಕಿ ಮುಗಿಸಿಬಿಡಲೇ ಅನ್ನಿಸಿತು. ಅವನು ಉಗುಳುವುದಿಲ್ಲ, ನುಂಗಿಕೊಂಡು ಜೀವಮಾನವೆಲ್ಲ ಸುಮ್ಮನಿರುತ್ತಾನೆ. ಅವನ ಅಪ್ಪ ಸುಮ್ಮನಿದ್ದ ಹಾಗೆ. ಅಂಥವರು ಇಬ್ಬರನ್ನು ಈ ಮನೆಯಲ್ಲಿ ಇಟ್ಟುಕೊಂಡು ನಾನು ಬಾಳಲಾರೆ.

"ಒಂದು ಮಾತು ಕೊಡು" ಅಂದೆ. "ನಿಮ್ಮಪ್ಪಗ ಏನು ಹೇಳ್ತೀಯೋ ಅದನ್ನs ನನಗೂ ಹೇಳಬೇಕು. ಬೆರಳು ಹೋದ್ರ ಹೋದುವು ಅನ್ನಬೇಕು. ಆರಾಮ ಅದೀನಿ ಅಂತ ನನ್ನ ಮುಂದ ಸುಳ್ಳು ಹೇಳಬಾರದು."

"ಹೇಳ್ತೀನಿ ಅಮ್ಮಿ. ಎಲ್ಲಾ ಹೇಳ್ತೀನಿ" ಅಂದ, ನನ್ನ ಮಾತು ಮುಗಿಯುವುದರೊಳಗೆ, ನನ್ನ ಎರಡೂ ಕೈ ಹಿಡಿದುಕೊಂಡು.

ಸಂಜೀವನೂ ಹೀಗೇ ಹೇಳಿ ಹೋಗಿದ್ದ. ಗುಡ್ಡದ ಮೇಲೆ ನಿಂತು ತಾಯಿಗೆ ಖರೆ ಹೇಳುವ ಮಗ ಇನ್ನೂ ಹುಟ್ಟಿಲ್ಲ ಎಂದು ಆ ಮಧ್ಯಾಹ್ನವೇ ನನಗೆ ಗೊತ್ತಾಗಿತ್ತು. ನನ್ನ ಮಗ ನನಗೆ ಹೇಳುವ ಸುಳ್ಳುಗಳಲ್ಲಿ ಇದು ಮೊದಲನೆಯದು. ಅವನ ಕೈಯಿಂದ ಕೈ ಬಿಡಿಸಿಕೊಂಡು ಡಬ್ಬಿ ತೆರೆದೆ. ಅಪ್ಪನ ಅಂಗೈಗೆ ಒಂದು ಚಿಟಿಕೆ ಹಾಕಿದೆ, ಪದ್ಧತಿ ಬಿಡಬಾರದು. ಇವರು ತಿಂದರು. ಉಳಿದದ್ದನ್ನು ಹಿಡಿ ತುಂಬ ತೆಗೆದು ಮಗನ ಕೈಗೆ ಸುರಿದೆ. ಅವನು ತಿನ್ನುತ್ತಿದ್ದಾಗ, ಅವನ ಹತ್ತೂ ಬೆರಳುಗಳನ್ನು ಒಂದೊಂದಾಗಿ ನೋಡಿಕೊಂಡೆ.

"ಚಳಿಗಾಲಕ್ಕ ಗ್ಲೌಸ್ ತೊಗೋಬೇಕು ನಿನಗ" ಅಂದೆ.